ಕನಸು ಕಾಣುವ ರೋಬೋಟ್ ಕಥೆ ಮಾರೋದು ಹೇಗೆ?

ರೋಬೋಟ್‌ಗೆ ಕನಸು ಬಿತ್ತು ಅನ್ನುವುದೊಂದೇ ನಿಮ್ಮ ಕಥೆಯಾದರೆ ಸಂಪಾದಕರು ಎರಡನೇ ಪುಟಕ್ಕೆ ಹೋಗುವುದು ಕಷ್ಟ. ಅಮೆರಿಕದ ವೈಜ್ಞಾನಿಕ ಕಥೆಗಾರ ಫಿಲಿಪ್ ಕೆ. ಡಿಕ್ 1968ರಲ್ಲೇ 'ಆಂಡ್ರಾಯ್ಡ್‌ಗಳು ವಿದ್ಯುತ್ ಕುರಿಗಳ ಕನಸು ಕಾಣುತ್ತವೆಯೇ?' ಅನ್ನುವ ಪ್ರಶ್ನೆಯನ್ನೇ ತಮ್ಮ ಕಾದಂಬರಿಗೆ ಹೆಸರಾಗಿ ಇಟ್ಟಾಗಿದೆ (ಆಂಡ್ರಾಯ್ಡ್ ಅಂದರೆ ಮನುಷ್ಯನ ಹಾಗೇ ಕಾಣುವ ರೋಬೋಟ್). ಹಾಗಾಗಿ ಕಳಿಸುವ ಮೊದಲು ಒಂದು ಪರೀಕ್ಷೆ ಮಾಡಿ: ಆ ಕನಸಿನಿಂದ ಯಾರಿಗೆ ಏನು ಎಡವಟ್ಟಾಯಿತು?

ಮಂಡ್ಯದ ಒಂದು ಆಲೆಮನೆ ಅಂದುಕೊಳ್ಳಿ. ಕೊಪ್ಪರಿಗೆಯ ಪಾಕ ನೋಡಿಕೊಳ್ಳುವ ರೋಬೋಟ್ ರಾತ್ರಿ ಚಾರ್ಜ್ ಆಗುವಾಗ ಹಗಲಿನ ದಾಖಲೆಗಳನ್ನು ಮತ್ತೆ ಓಡಿಸಿ ಕಲಿಯುತ್ತದೆ. ಇದು ಪೂರ್ತಿ ಕಟ್ಟುಕಥೆಯೂ ಅಲ್ಲ, ಹಳೆಯ ಅನುಭವವನ್ನು ಕೂಡಿಟ್ಟುಕೊಂಡು ಮರುಕಲಿಯುವ ವಿಧಾನ ಯಂತ್ರಕಲಿಕೆಯಲ್ಲಿ ನಿಜಕ್ಕೂ ಇದೆ. ಒಂದು ರಾತ್ರಿ ಅದಕ್ಕೆ ಎಂದೂ ನೋಡದ ಪಾಕ ಕಾಣುತ್ತದೆ, ಬೆಳಿಗ್ಗೆ ಅದನ್ನೇ ನಂಬಿ ಕೊಪ್ಪರಿಗೆಯನ್ನು ಬೇಗ ಇಳಿಸಿಬಿಡುತ್ತದೆ, ಬೆಲ್ಲ ಗಟ್ಟಿಯಾಗುವುದಿಲ್ಲ, ಮಾಲೀಕರು ಕೂಗಾಡುತ್ತಾರೆ. ಈಗ ಕಥೆ ಶುರುವಾಯಿತು ಅಲ್ವಾ?

ಆಮೇಲೆ ಪತ್ರಿಕೆ ಆರಿಸಿ. ಮೈಸೂರಿನ ನಗರ ಕೇಂದ್ರ ಗ್ರಂಥಾಲಯದಲ್ಲಿ ಕೂತು ಸುಧಾ, ಮಯೂರ, ತುಷಾರದ ಹಳೆಯ ಸಂಚಿಕೆ ತಿರುವಿ, ಕಥೆಗೆ ಎಷ್ಟು ಪುಟ ಕೊಡುತ್ತಾರೆ, ಎಂಥ ಕಥೆ ಹಾಕುತ್ತಾರೆ ನೋಡಿ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಂಥವಕ್ಕೂ ಕಳಿಸಬಹುದು, ಆದರೆ ಯಾವ ಸ್ಪರ್ಧೆಯೇ ಆಗಲಿ, ನಿಯಮ ಪೂರ್ತಿ ಓದಿ.

ಕಥೆಯನ್ನು ಯೂನಿಕೋಡ್‌ನಲ್ಲಿ ಕಳಿಸಿ, ಜೊತೆಗೊಂದು ಪಿಡಿಎಫ್ ಇರಲಿ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ಅರ್ಥವಾಗದ ಅಕ್ಷರಗಳಾಗಿ ಕಂಡರೆ ಯಾರೂ ಓದುವುದಿಲ್ಲ. ಮೇಲ್‌ನಲ್ಲಿ ನಾಲ್ಕು ಸಾಲು ಸಾಕು: ಸ್ವಂತ ರಚನೆ, ಅಪ್ರಕಟಿತ, ಪದಗಳ ಸಂಖ್ಯೆ, ಫೋನ್ ನಂಬರ್. ಕಥೆಯ ಸಾರಾಂಶ ಬೇಡ, ಮೇಷ್ಟ್ರು ಮೆಚ್ಚಿದರು ಅಂತಲೂ ಬೇಡ. ಫೇಸ್‌ಬುಕ್‌ನಲ್ಲಿ ಹಾಕಿಬಿಟ್ಟ ಕಥೆಯನ್ನು ಅಪ್ರಕಟಿತ ಅನ್ನುವ ಹಾಗಿಲ್ಲ. ಒಂದೇ ಕಥೆಯನ್ನು ಎರಡು ಕಡೆ ಒಟ್ಟಿಗೆ ಕಳಿಸುವುದಂತೂ ಬೇಡವೇ ಬೇಡ.

ಇನ್ನು ಜಾಸ್ತಿ ಜನ ನೋಡದೇ ಬಿಡುವ ಭಾಗ, ಹಕ್ಕು. ನೀವು ಮಾರುತ್ತಿರುವುದು ಕಾಗದವನ್ನಲ್ಲ, ಕಥೆಯನ್ನು ಅಚ್ಚು ಹಾಕುವ ಹಕ್ಕನ್ನು. 1957ರ ಕಾಪಿರೈಟ್ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ನಿಮ್ಮ ಸಹಿಯೂ ಬೇಕು. ಅವಧಿ ಬರೆದಿರದಿದ್ದರೆ 5 ವರ್ಷ ಅಂತ, ಜಾಗ ಬರೆದಿರದಿದ್ದರೆ ಭಾರತಕ್ಕೆ ಮಾತ್ರ ಅಂತ ಲೆಕ್ಕ. ಆದ್ದರಿಂದ 'ಮೊದಲ ಪ್ರಕಟಣೆಯ ಹಕ್ಕು ಮಾತ್ರ' ಎಂದು ಮೇಲ್‌ನಲ್ಲೇ ಬರೆಯಿರಿ. 'ಎಲ್ಲ ಹಕ್ಕುಗಳೂ ನಮಗೆ' ಅನ್ನುವ ಒಪ್ಪಂದ ಕಂಡರೆ ಸಂಕೋಚ ಬಿಟ್ಟು ಕೇಳಿ. ನಾಳೆ ನಾಟಕವೋ ಆಡಿಯೊವೋ ಸಂಕಲನವೋ ಆದಾಗ ಆ ಒಂದು ಸಾಲು ಅಡ್ಡ ಬರುತ್ತದೆ. ಸಂಭಾವನೆ ಎಷ್ಟು, ಯಾವಾಗ ಅಂತ ಕೇಳುವುದರಲ್ಲೂ ತಪ್ಪೇನಿಲ್ಲ.

ಇಂಗ್ಲಿಷಿಗೆ ತಂದು ಹೊರಗೂ ಕಳಿಸಬಹುದು. ಅಮೆರಿಕದ ವೈಜ್ಞಾನಿಕ ಕಥೆಗಾರರ ಸಂಘ ವೃತ್ತಿಪರ ದರ ಅಂತ ಗುರುತಿಸುವುದು ಪದಕ್ಕೆ ಕನಿಷ್ಠ 8 ಸೆಂಟ್, ಅಂದರೆ 3,000 ಪದದ ಕಥೆಗೆ 240 ಡಾಲರ್. ಕನ್ನಡದಲ್ಲಿ ಮೊದಲೇ ಅಚ್ಚಾಗಿದ್ದರೆ ಅದನ್ನು ಮುಚ್ಚಿಡದೆ ಹೇಳಿ. ಮತ್ತೆ, ರೋಬೋಟ್ ಕಥೆಯನ್ನು ರೋಬೋಟ್ ಕೈಲೇ ಬರೆಸಬೇಡಿ ಮಹರಾಯರೇ! ಯಂತ್ರ ಬರೆದ ಕಥೆಗಳು ರಾಶಿ ಬಿದ್ದು ಅಮೆರಿಕದ ವೈಜ್ಞಾನಿಕ ಕಥೆಗಳ ಪತ್ರಿಕೆ ಕ್ಲಾರ್ಕ್ಸ್‌ವರ್ಲ್ಡ್ 2023ರ ಫೆಬ್ರವರಿಯಲ್ಲಿ ಕಥೆ ತೆಗೆದುಕೊಳ್ಳುವುದನ್ನೇ ಕೆಲಕಾಲ ನಿಲ್ಲಿಸಿತ್ತು.

ಕಥೆ ಹಾಕಲು ನಿಮ್ಮಿಂದಲೇ ದುಡ್ಡು ಕೇಳುವವರಿಂದ ದೂರ ಇರಿ. ಮೂರು ತಿಂಗಳಾದರೂ ಉತ್ತರ ಬರದಿದ್ದರೆ ಒಮ್ಮೆ ವಿಚಾರಿಸಿ, ಆಗಲೂ ಸುದ್ದಿ ಇಲ್ಲದಿದ್ದರೆ ಕಥೆ ಹಿಂಪಡೆಯುತ್ತಿದ್ದೇನೆ ಅಂತ ಒಂದು ಸಾಲು ಬರೆದು, ಮುಂದಿನ ಪತ್ರಿಕೆಗೆ ಕಳಿಸಿ.