ಶಾಲೆಗೆ ಹೊರಡುವ ಮೊದಲು ಪೆನ್ಸಿಲ್ ಹಿಡಿಸಿ

2021ರಲ್ಲಿ, ಕೋವಿಡ್‌ನಿಂದ ಮುಚ್ಚಿದ್ದ ಶಾಲೆ ತೆರೆಯುವ ಮೊದಲು, ಕಾಸರಗೋಡಿನ ಕನ್ನಡ ಮೀಡಿಯಂ ಮಕ್ಕಳ ಅಪ್ಪ-ಅಮ್ಮಂದಿರಿಗೆ ಹೇಳಿದ ಮಾತು ಇದು. ಆ ವರ್ಷ ನವೆಂಬರ್ 1ರಿಂದ ಶಾಲೆ ಶುರುವಾಗುವುದಿತ್ತು, ಮಕ್ಕಳನ್ನು ಬ್ಯಾಚ್ ಮಾಡಿ, ಮಧ್ಯಾಹ್ನದವರೆಗೆ ಮಾತ್ರ. 2020ರ ಜೂನ್‌ನಿಂದ ವಿಕ್ಟರ್ಸ್ (ಕೇರಳ ಸರ್ಕಾರದ ಪಾಠದ ಟಿವಿ) ಚಾನೆಲ್, ವಾಟ್ಸಾಪ್ ಅಂತಲೇ ದಿನ ಕಳೆದಿತ್ತು. ಆಗ ಎರಡನೇ ಕ್ಲಾಸಿನಲ್ಲಿದ್ದವರು ಒಂದನೇ ಕ್ಲಾಸಿನ ಬೆಂಚನ್ನೇ ನೋಡಿರಲಿಲ್ಲ, ಅಲ್ವಾ?

ಪಾಠದ ಚಿಂತೆ ಬಿಡಿ, ಟೀಚರ್ ನೋಡಿಕೊಳ್ಳುತ್ತಾರೆ. ಕೈಗೆ ಅಭ್ಯಾಸ ಕೊಡಿ. ನನ್ನ ಮಗಳು ನಾಲ್ಕು ಸಾಲು ಬರೆದು ಬೆರಳು ನೋವು ಅಂತ ಪೆನ್ಸಿಲ್ ಬಿಸಾಡಿದಳು. ಮೊಬೈಲ್ ಉಜ್ಜಿದ ಬೆರಳು, ಪಾಪ. ದಿನಾ ಹತ್ತು ನಿಮಿಷ 'ಅ ಆ' ಬರೆಸಿದೆ. ಮನೆಯಲ್ಲಿ ತುಳು, ಆಟಕ್ಕೆ ಮಲಯಾಳ, ಹಾಗಾಗಿ ಕನ್ನಡ ಅಕ್ಷರ ಬೇಗ ಮರೆಯುತ್ತದೆ. ಒತ್ತಕ್ಷರವಂತೂ ಪೂರ್ತಿ ಹೋಗಿತ್ತು! ಜಾಸ್ತಿ ಬರೆಸಬೇಡಿ, ಅಳುವ ಮೊದಲೇ ನಿಲ್ಲಿಸಿ.

ಮಾಸ್ಕ್ ಹಾಕಿಕೊಂಡು ಅರ್ಧ ಗಂಟೆ ಕೂರುವುದನ್ನೂ ಮನೆಯಲ್ಲೇ ರೂಢಿ ಮಾಡಿಸಿ. ಬ್ಯಾಗಿನಲ್ಲಿ ಇನ್ನೊಂದು ಮಾಸ್ಕ್ ಇರಲಿ. ನೀರಿನ ಬಾಟಲಿಯ ಮುಚ್ಚಳ ತಾನೇ ತೆಗೆಯಲು ಬರುತ್ತದಾ ನೋಡಿ. ನಮ್ಮವಳಿಗೆ ಬರುತ್ತಿರಲಿಲ್ಲ.

ಬ್ಯಾಚ್ ಇಲ್ಲದ ದಿನವೂ ಬೆಳಿಗ್ಗೆ ಅದೇ ಹೊತ್ತಿಗೆ ಎಬ್ಬಿಸಿ. ಇದೊಂದು ಕಷ್ಟ, ನಮಗೂ ನಿದ್ದೆ ಬೇಕಲ್ಲ.