ಕಿರುಚದೆ ಡ್ಯೂಕ್ ಆಡಿದ್ದು

ಇಂಗ್ಲಿಷ್ ಕವಿ ಬ್ರೌನಿಂಗ್‌ನ 'ಮೈ ಲಾಸ್ಟ್ ಡಚೆಸ್' ಕವಿತೆಯನ್ನು ಕನ್ನಡದಲ್ಲಿ ಒಬ್ಬನೇ ಆಡುತ್ತೇನೆ ಅಂದಾಗ ನಮ್ಮ ತುಮಕೂರಿನ ತಂಡದವರು ನಕ್ಕರು. 56 ಸಾಲು, ಹಾಡಿಲ್ಲ, ಹೊಡೆದಾಟ ಇಲ್ಲ, ಒಬ್ಬ ಡ್ಯೂಕ್, ಅಂದರೆ ಇಟಲಿಯ ದೊಡ್ಡ ಶ್ರೀಮಂತ, ಸತ್ತ ಹೆಂಡತಿ ಡಚೆಸ್‌ಳ ಚಿತ್ರ ತೋರಿಸಿ ಮಾತಾಡುತ್ತಾನೆ, ಯಾರಪ್ಪಾ ಕೂತು ನೋಡುತ್ತಾರೆ?

ಮೊದಲ ಸಲ ಸೋತೆ, ನಿಜ. ಡಚೆಸ್ ಚಿತ್ರವನ್ನು ಫ್ಲೆಕ್ಸ್ ಹಾಕಿಸಿದೆ, ಫ್ರೇಮ್ ಸೇರಿ ಎರಡು ಸಾವಿರದ ಹತ್ತಿರ ಹೋಯಿತು. ಹಾಕಿಕೊಳ್ಳಲು ಬಾಡಿಗೆ ಕೋಟು, ಅದಕ್ಕೆ ಇನ್ನೊಂದು 600. ಜನ ಚಿತ್ರವನ್ನೇ ನೋಡಿದರು, ನನ್ನನ್ನಲ್ಲ. ಎರಡನೇ ಸಲ ಅದಕ್ಕೇ ಅಬ್ಬರಿಸಿದೆ. ಊರ ಕಡೆ ಕುರುಕ್ಷೇತ್ರ ನಾಟಕ ನೋಡಿ ಬೆಳೆದ ಗಂಟಲು, ತಾನಾಗೇ ದುರ್ಯೋಧನ ಬಂದುಬಿಟ್ಟ. "ಕೈಗೊಂದು ಗದೆ ಕೊಡಬೇಕಿತ್ತು ಕಣೋ" ಅಂದ ಗೆಳೆಯ.

ದಾರಿ ಸಿಕ್ಕಿದ್ದು ಒಂದು ಮದುವೆ ಮಾತುಕತೆಯಲ್ಲಿ. ಹೆಣ್ಣಿನ ಕಡೆಯವರ ಜೊತೆ ಹೋಗಿದ್ದೆ. ಗಂಡಿನ ಅಪ್ಪ ಕಾಫಿ ಕೊಟ್ಟು, ಗೋಡೆ ಮೇಲಿನ ತಂಜಾವೂರು ಚಿತ್ರಗಳನ್ನು ಒಂದೊಂದಾಗಿ ತೋರಿಸಿ, ಇದನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ ಅಂತ ಮೆಲ್ಲಗೆ ಹೇಳಿ, "ನಮಗೇನೂ ಬೇಡ, ಹುಡುಗಿ ಬಂದರೆ ಸಾಕು" ಅಂದರು. ಎಷ್ಟು ಕೊಡುತ್ತೀರಿ ಅನ್ನುವುದು ಆ ಮಾತಿನೊಳಗೇ ಇತ್ತು. ಕವಿತೆಯ ಫೆರಾರಾದ ಡ್ಯೂಕ್ ಇವರೇ ಅಲ್ವಾ! ಅವನೂ ಹೊಸ ಹೆಣ್ಣಿನ ಅಪ್ಪ ಕೌಂಟ್ ಅನ್ನುವ ಶ್ರೀಮಂತ ಕಳಿಸಿದ ದೂತನಿಗೆ ಚಿತ್ರ ತೋರಿಸುವುದು ಮುಂದೆ ಬರುವ ಹೆಣ್ಣಿಗೆ ಎಚ್ಚರಿಕೆ ಮುಟ್ಟಲಿ ಅಂತ. ತಾನು ಕೊಟ್ಟ 900 ವರ್ಷದ ಮನೆತನದ ಹೆಸರಿಗೂ ಯಾವನೋ ಕಿತ್ತು ತಂದ ಚೆರ್ರಿ ಕೊಂಬೆಗೂ ಸತ್ತ ಹೆಂಡತಿ ಒಂದೇ ಥರ ನಕ್ಕಳಲ್ಲ, ಅದೇ ಉರಿ. ಈಗ ಆ ನಗು ಚಿತ್ರವಾಗಿ ಪರದೆ ಹಿಂದೆ. ಪರದೆ ಸರಿಸುವವನು ಇವನೊಬ್ಬನೇ.

ಈ ಡ್ಯೂಕ್‌ಗೆ ಮಾದರಿ ಎನ್ನುವ, ಫೆರಾರಾದ ನಿಜವಾದ ಡ್ಯೂಕ್ ಎರಡನೇ ಅಲ್ಫೊನ್ಸೊನ ಹೆಂಡತಿ ಲುಕ್ರೇಜಿಯಾ 1561ರಲ್ಲಿ ತೀರಿಕೊಂಡಾಗ ಬರೀ 16 ವರ್ಷ. ಅದು ಗೊತ್ತಾದ ಮೇಲೆ ಕಿರುಚಲು ಮನಸ್ಸೇ ಬರಲಿಲ್ಲ.

ಫ್ಲೆಕ್ಸ್ ಬಿಸಾಕಿದೆ. ಮಂಡಿಪೇಟೆಯಿಂದ ಮೂರು ಮೀಟರ್ ಕಡುಗೆಂಪು ಬಟ್ಟೆ ತಂದೆ, 450 ಇರಬೇಕು. ಅದರ ಹಿಂದೆ ಖಾಲಿ ಗೋಡೆ. ನೋಡುವವರೇ ಹೆಣ್ಣಿನ ಕಡೆಯವರು. "ಅಪ್ಪಣೆ ಕೊಟ್ಟೆ, ನಗು ನಿಂತಿತು" ಅಂತ ಡ್ಯೂಕ್ ಅವಳ ಸಾವಿನ ಸುಳಿವು ಕೊಡುವ ಜಾಗದಲ್ಲಿ ಧ್ವನಿ ಏರಿಸದೆ ಸುಮ್ನೆ ಪರದೆಯ ನೆರಿಗೆ ಸರಿಮಾಡುತ್ತೇನೆ.

ನಡುವೆ ಪ್ರಾಸ ಕಟ್ಟಲೂ ಹೋಗಿದ್ದೆ, ಮೂಲದಲ್ಲಿ ಇದೆಯಲ್ಲ ಅಂತ. ಜೋಗುಳದ ಥರ ಆಯಿತು. ಡ್ಯೂಕ್‌ನನ್ನು ಗೌಡನನ್ನಾಗಿ ಮಾಡಿದರೆ ಯಾವ ಊರ ಗೌಡ ಅಂತಲೇ ಕೇಳಿದರು, ಬಿಟ್ಟೆ. ಕವಿತೆಯ ಕೊನೆಗೆ ಡ್ಯೂಕ್ ತೋರಿಸುವ, ಸಮುದ್ರದೇವ ನೆಪ್ಚೂನ್‌ನ ಕಂಚಿನ ಬೊಂಬೆಯನ್ನು ಬೊಂಬೆಯೇ ಇಲ್ಲದೆ ಹೇಗೆ ತೋರಿಸುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ, ಬಂದು ನೋಡಿ.

ಹೋದ ಸಲ ಎಪ್ಪತ್ತು ಜನ ಇದ್ದರು, ಒಂದು ಫೋನೂ ಮೊಳಗಲಿಲ್ಲ. ಗದೆ ಅಂದಿದ್ದವನು ಈಗ ತನ್ನ ನಾಟಕಕ್ಕೆ ಆ ಪರದೆ ಕೇಳುತ್ತಿದ್ದಾನೆ. ಇನ್ನೂ ಕೊಟ್ಟಿಲ್ಲ.