ಕೆಲಸಕ್ಕೆ ಸೇರಿಸುವ ಮೊದಲು ಕಾರ್ಡಿನ ಲೆಕ್ಕ

ಮದ್ದೂರು ಕಡೆಯ ಹಳ್ಳಿಗಳಲ್ಲಿ ಸ್ತ್ರೀಶಕ್ತಿ ಸಂಘದ ಹೆಂಗಸರನ್ನು ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿಸೋದು ನನ್ನ ಕೆಲಸ. ಹೊಲಿಗೆ ಕಲಿಸೋದು ಕಷ್ಟವೇನಲ್ಲ. ಕಲಿತವರು ಸೇರಿ, ಎರಡು ತಿಂಗಳು ನಿಲ್ಲೋದೇ ಕಷ್ಟ. "ಮನೇಲಿ ಕೂತ್ರೆ ಗೃಹಲಕ್ಷ್ಮಿ ಎರಡು ಸಾವಿರ ಬರುತ್ತೆ, ಯಾಕ್ ದುಡೀತಾರೆ?" ಅನ್ನೋರು ಬೇಕಾದಷ್ಟು ಜನ ಇದ್ದಾರೆ. ಅವರ್ಯಾರೂ ಈ ಹೆಂಗಸರ ಜೊತೆ ಕೂತು ಲೆಕ್ಕ ಹಾಕಿದವರಲ್ಲ.

ನಾನು ಮೊದಲು ಮಾಡೋದೇ ಲೆಕ್ಕ. ಬಿಪಿಎಲ್, ಅಂದ್ರೆ ಬಡತನ ರೇಖೆಗಿಂತ ಕೆಳಗಿನವರ ರೇಷನ್ ಕಾರ್ಡಿಗೆ ನಮ್ಮಲ್ಲಿ ಕುಟುಂಬದ ಆದಾಯ ವರ್ಷಕ್ಕೆ 1.20 ಲಕ್ಷ ದಾಟಬಾರದು. ಅಂದ್ರೆ ತಿಂಗಳಿಗೆ 10,000. ಗಾರ್ಮೆಂಟ್ಸಿನ ಕನಿಷ್ಠ ಕೂಲಿಯೇ ಅದಕ್ಕಿಂತ ಜಾಸ್ತಿ. ಕೂಲಿ ಗೊತ್ತು ಮಾಡೋದೂ ಸರ್ಕಾರವೇ, ಗೆರೆ ಎಳೆಯೋದೂ ಸರ್ಕಾರವೇ. ಹೊಲದ ಕೂಲಿಗೆ ಹೋದರೆ ಯಾರ ಕಣ್ಣಿಗೂ ಬೀಳಲ್ಲ. ಪಿಎಫ್ (ಭವಿಷ್ಯ ನಿಧಿ) ಇರುವ ಕೆಲಸಕ್ಕೆ ಸೇರಿದರೆ ದುಡಿದಿದ್ದೆಲ್ಲ ದಾಖಲೆ.

2024ರ ನವೆಂಬರಿನಲ್ಲಿ ಎಷ್ಟೋ ಬಿಪಿಎಲ್ ಕಾರ್ಡುಗಳು ಎಪಿಎಲ್ (ಬಡತನ ರೇಖೆಗಿಂತ ಮೇಲಿನವರ ಕಾರ್ಡ್) ಆದವಲ್ಲ, ಆಗ ನನ್ನ ಫೋನ್ ಸುಮ್ನೆ ಇರಲಿಲ್ಲ. "ಅಕ್ಕ, ಪಿಎಫ್ ಕಟ್ ಆದ್ರೆ ಟ್ಯಾಕ್ಸ್ ಕಟ್ಟಿದಂಗಂತೆ, ಹೌದಾ? ಕಾರ್ಡ್ ಹೋದ್ರೆ ಆಸ್ಪತ್ರೆಗೇನ್ ಮಾಡ್ಲಿ?" ಆಮೇಲೆ ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ಕಾರ್ಡ್ ವಾಪಸ್ ಕೊಡಿ ಅಂತ ಸರ್ಕಾರ ಹೇಳಿತು. ಆದರೂ ಒಮ್ಮೆ ಹೊಕ್ಕ ಭಯ ಹೋಗಲಿಲ್ಲ.

ಹಾಗಾಗಿ ಒಂದೊಂದನ್ನೂ ಬೇರೆ ಮಾಡಿ ಹಾಳೆಯಲ್ಲಿ ಬರೆಯುತ್ತೇನೆ. ಗೃಹಲಕ್ಷ್ಮಿ ಎಪಿಎಲ್ ಕಾರ್ಡಿನ ಯಜಮಾನಿಗೂ ಇದೆ. ತಾನಾಗಲಿ ಗಂಡನಾಗಲಿ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುತ್ತಿರಬಾರದು ಅಷ್ಟೇ. ಪಿಎಫ್ ತೆರಿಗೆಯಲ್ಲ, ಅವಳದೇ ದುಡ್ಡು. ಬಸ್ಸಿನ ಶಕ್ತಿ ಯೋಜನೆಗೆ ಆದಾಯವನ್ನೇ ಕೇಳಲ್ಲ. ಹೋಗಬಹುದಾದದ್ದು ಅಕ್ಕಿ, ಜೊತೆಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ಸಿಗುವ 5 ಲಕ್ಷದವರೆಗಿನ ಚಿಕಿತ್ಸೆ. ಅದರ ಎದುರಿಗೆ ಕಾರ್ಮಿಕರ ಆರೋಗ್ಯ ವಿಮೆ ಇಎಸ್‌ಐ ಬರೆಯುತ್ತೇನೆ. ಆದರೆ ಇಎಸ್‌ಐ ಕೆಲಸದ ಜೊತೆ ಬಂದದ್ದು, ಕೆಲಸ ಬಿಟ್ಟರೆ ಹೆಚ್ಚು ದಿನ ನಡೆಯಲ್ಲ. ಇದನ್ನು ಮುಚ್ಚಿಡಲ್ಲ. ಹಾಳೆ ನೋಡಿ "ಬೇಡ ಅಕ್ಕ" ಅಂದವರೂ ಇದ್ದಾರೆ. ಅವರ ಲೆಕ್ಕ ತಪ್ಪು ಅಂತ ನನಗೆ ಅನ್ನಿಸಿಲ್ಲ.

ಇನ್ನೊಂದು ಮೊದಲ ಸಂಬಳದ ಸಮಸ್ಯೆ. ಕಬ್ಬಿನ ಗದ್ದೆಯಲ್ಲಿ ಕಳೆ ಕಿತ್ತರೆ ಸಂಜೆಗೇ ದುಡ್ಡು. ಫ್ಯಾಕ್ಟರಿಗೆ ಒಂದನೇ ತಾರೀಕು ಸೇರಿದರೆ ಸಂಬಳ ಬರೋದು ಮುಂದಿನ ತಿಂಗಳ ಮೊದಲ ವಾರ. ಅಷ್ಟರಲ್ಲಿ ಫೈನಾನ್ಸಿನವರು ವಾರ ವಾರ ಕಂತಿಗೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಜಾಸ್ತಿ ಜನ ಕೆಲಸ ಬಿಡೋದು ಇಲ್ಲೇ. ಮೇಲಧಿಕಾರಿ ಬೈದರು ಅನ್ನೋ ಕಾರಣ ಆಮೇಲೆ ಸೇರಿಕೊಳ್ಳುತ್ತೆ. ಈಗ ಸೇರುವ ವಾರವೇ ಸಂಘದ ಉಳಿತಾಯದಿಂದ ಸಣ್ಣ ಸಾಲ ಕೊಡಿಸುತ್ತೇವೆ, ಕಂತು ಎರಡನೇ ಸಂಬಳದಿಂದ ಶುರು. ಕೈಗೆ ಎಷ್ಟು ಬರುತ್ತೆ ಅಂತಲೂ ಮೊದಲೇ ಹೇಳಬೇಕು. 12,000ಕ್ಕೆ ಲೆಕ್ಕ ಹಿಡಿದರೆ ಪಿಎಫ್ 1,440, ಇಎಸ್‌ಐ 90 ಹೋಗುತ್ತೆ. ಗೊತ್ತಿಲ್ಲದೆ ಮೊದಲ ಸಂಬಳ ನೋಡಿದವರಿಗೆ ಮೋಸ ಆಯ್ತು ಅನ್ನಿಸುತ್ತೆ.

ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹೆಸರು ಒಂದೇ ಥರ ಇದೆಯಾ ಅಂತ ಸೇರುವ ಮೊದಲೇ ನೋಡಿಬಿಡಿ. ಆಮೇಲೆ ಪಿಎಫ್ ತೆಗೆಯುವಾಗ ಅಲೆದಾಟ ತಪ್ಪುತ್ತೆ.

ಮಗು ಇರುವ ಮನೆಗೆ ಹೋದರೆ ನಾನು ಮೊದಲು ಮಾತಾಡೋದು ಅತ್ತೆ ಹತ್ರ. ಅಂಗನವಾಡಿ ನಾಲ್ಕಕ್ಕೆಲ್ಲ ಮುಗಿಯುತ್ತೆ, ಇವಳು ಮನೆ ಸೇರುವಾಗ ಕತ್ತಲೆ. ದೊಡ್ಡ ಫ್ಯಾಕ್ಟರಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಇರಬೇಕು ಅಂತ ಕಾನೂನಿದೆ, ನಿಜ. ಆದರೆ ಬೆಳಗ್ಗೆ ತುಂಬಿದ ಬಸ್ಸಿನಲ್ಲಿ ಕೂಸು ಎತ್ತಿಕೊಂಡು ನಿಂತು ಹೋಗೋದು ಹೇಗೆ ಅಂತ ಕಾನೂನಿನಲ್ಲಿ ಬರೆದಿಲ್ಲವಲ್ಲ. "ನಾಲ್ಕರಿಂದ ಏಳು ನೀವು ನೋಡ್ಕೊಳ್ತೀರಾ ಅಜ್ಜಿ?" ಅಂತ ನೇರವಾಗಿ ಕೇಳುತ್ತೇನೆ. ಅವರು ಒಪ್ಪಿದರೆ ಮಾತ್ರ ಸೊಸೆಯ ಹೆಸರು ಬರೆದುಕೊಳ್ಳೋದು.